ಪದಚರ್ಚೆ: ಹರಳಿಗೆ ತಂತಿ ಸುತ್ತುವುದೋ, ತಂತಿ ಕಟ್ಟುವುದೋ?

ಪದಾಸಕ್ತ ಗೆಳೆಯರೆಲ್ಲರಿಗೂ ನಮಸ್ಕಾರ.

ನುಣುಪು ಮಾಡಿದ ಕಲ್ಲಿಗೆ ತೂತು ಕೊರೆಯದೆ, ಅಂಟು ಹಚ್ಚದೆ, ಬೆಸುಗೆಯನ್ನೂ ಹಾಕದೆ, ಬರಿಯ ತಾಮ್ರದ ಅಥವಾ ಬೆಳ್ಳಿಯ ತಂತಿಯ ಹಿಡಿತದಿಂದಲೇ ಅದನ್ನು ಕೊರಳಿನ ಪದಕವಾಗಿಸುವ ಕೈಗೆಲಸವೊಂದಿದೆ. ಇಂಗ್ಲಿಷ್ ಬಲ್ಲವರು ಅದನ್ನು ವೈರ್ ರ‍್ಯಾಪಿಂಗ್ ಎನ್ನುತ್ತಾರೆ. ಈ ಕೆಲಸವನ್ನು ಮೊದಲ ಸಲ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕಿರು ಕೈಪಿಡಿಯನ್ನು ಬರೆಯುತ್ತಿದ್ದು, ಬರೆಯುತ್ತ ಹೋದಂತೆ ಕೆಲವು ಪದಗಳ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕೆನಿಸಿದೆ. ಎಲ್ಲಕ್ಕಿಂತ ಮುಖ್ಯವಾದುದು ಕೆಲಸದ ಹೆಸರೇ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನೇರವಾಗಿ ಹೊಳೆಯುವ ಪದ ‘ತಂತಿ ಸುತ್ತುವುದು’. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ಅಡ್ಡಿಗಳು ಕಾಣುತ್ತವೆ. ಒಂದನೆಯದು ಸಣ್ಣದು: ನಮ್ಮ ಊರುಗಳಲ್ಲಿ ‘ತಂತಿ ಸುತ್ತಿಸುವುದು’ ಎಂದರೆ ಸುಟ್ಟುಹೋದ ಪಂಪಿನ ಮೋಟಾರನ್ನು ರಿವೈಂಡಿಂಗ್ ಅಂಗಡಿಗೆ ಕೊಡುವುದೆಂದೇ ಜನ ತಿಳಿಯುತ್ತಾರೆ. ಎರಡನೆಯದು ಕೆಲಸದ ಒಳಗಿನದು, ಮತ್ತು ನನ್ನ ಮಟ್ಟಿಗೆ ಅದೇ ನಿರ್ಣಾಯಕವಾದುದು. ‘ಸುತ್ತು’ ಎಂಬ ಮಾತನ್ನು ಕೇಳಿದ ಹೊಸಬರು ಬುಗುರಿಗೆ ದಾರ ಸುತ್ತಿದಂತೆ ಕಲ್ಲಿನ ಮೇಲೆ ತಂತಿಯನ್ನು ಸುತ್ತುತ್ತಲೇ ಹೋಗುತ್ತಾರೆ. ನುಣುಪಾದ ಕಲ್ಲಿನ ಮೇಲೆ ಸುತ್ತುಗಳು ಜಾರುತ್ತವೆ. ಜಾರದಿರಲೆಂದು ಇನ್ನಷ್ಟು ಸುತ್ತಿದರೆ ಕಲ್ಲೇ ಮರೆಯಾಗುತ್ತದೆ. ಹಾಗಿದ್ದೂ ಸರಕ್ಕೆ ಹಾಕಿ ನಡೆದಾಡಿದ ಮೇಲೆ ಕಲ್ಲು ಕಳಚಿ ಬೀಳುತ್ತದೆ.

ನಿಜಕ್ಕೂ ಕಲ್ಲನ್ನು ಹಿಡಿದು ನಿಲ್ಲಿಸುವುದು ಸುತ್ತುಗಳ ಸಂಖ್ಯೆಯಲ್ಲ. ಹಿಂಭಾಗ ಚಪ್ಪಟೆಯಾಗಿ ಮುಂಭಾಗ ಉಬ್ಬಿರುವ, 40 ಮಿಲಿಮೀಟರ್ ಉದ್ದ ಮತ್ತು 30 ಮಿಲಿಮೀಟರ್ ಅಗಲದ ಅಂಡಾಕಾರದ ಕಲ್ಲೊಂದನ್ನು ತೆಗೆದುಕೊಳ್ಳೋಣ. ಅದರ ಅಂಚಿನ ಸುತ್ತಳತೆ ಸುಮಾರು 11 ಸೆಂಟಿಮೀಟರ್. ಮೂರು ಅಥವಾ ನಾಲ್ಕು ತಂತಿಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿ, ನಡುವಿನಲ್ಲಿಯೂ ಎರಡು ಪಕ್ಕಗಳಲ್ಲಿಯೂ ಇನ್ನೊಂದು ತಂತಿಯಿಂದ ಬಿಗಿದು ಪಟ್ಟಿಯಾಗಿಸುತ್ತಾರೆ. ಆ ಪಟ್ಟಿಯನ್ನು ಕಲ್ಲಿನ ಅಂಚಿನಗುಂಟ ಬಗ್ಗಿಸಿ ನೆತ್ತಿಯಲ್ಲಿ ಎರಡು ತುದಿಗಳನ್ನೂ ಕೂಡಿಸಿ ಬಿಗಿಯುತ್ತಾರೆ. ಆಮೇಲೆ ಮುಂದಿನ ಅಂಚಿನ ತಂತಿಯನ್ನು ಅಲ್ಲಲ್ಲಿ ಇಕ್ಕಳದಿಂದ ಕಲ್ಲಿನ ಉಬ್ಬಿನ ಮೇಲಕ್ಕೂ, ಹಿಂದಿನ ತಂತಿಯನ್ನು ಬೆನ್ನಿನ ಮೇಲಕ್ಕೂ ಒಳಮುಖವಾಗಿ ಎಳೆದು ಕೂರಿಸುತ್ತಾರೆ. ಕಲ್ಲು ಮುಂದಕ್ಕೂ ಬೀಳಲಾರದು, ಹಿಂದಕ್ಕೂ ಬೀಳಲಾರದು. ಇಲ್ಲಿ ತಂತಿಯು ಚೌಕಟ್ಟಾಗಿ ನಿಲ್ಲುತ್ತದೆ. ಸುತ್ತುವ ಕೆಲಸವೇನಿದ್ದರೂ ತಂತಿಗೆ ತಂತಿಯನ್ನು ಬಿಗಿಯುವುದಕ್ಕಷ್ಟೇ ಸೀಮಿತ.

ಆದ್ದರಿಂದ ‘ಕಟ್ಟು’ ಎಂಬುದೇ ತಕ್ಕ ಕ್ರಿಯಾಪದವೆಂದು ನನ್ನ ಸೂಚನೆ. ಇದು ಹೊಸದಾಗಿ ಹುಟ್ಟಿಸುವ ಮಾತೂ ಅಲ್ಲ. ರುದ್ರಾಕ್ಷಿಗೆ ಬೆಳ್ಳಿ ಕಟ್ಟಿಸುತ್ತೇವೆ. ಹವಳದ ಸರವನ್ನು ಚಿನ್ನದಲ್ಲಿ ಕಟ್ಟಿಸುತ್ತೇವೆ. ದಾರದಲ್ಲಿ ಪೋಣಿಸಿದ ಕರಿಮಣಿಗೂ ಚಿನ್ನದ ತಂತಿಯಲ್ಲಿ ಕಟ್ಟಿದ ಕರಿಮಣಿಗೂ ಇರುವ ವ್ಯತ್ಯಾಸವನ್ನು ಮನೆಯ ಹೆಂಗಸರು ಈ ಎರಡು ಕ್ರಿಯಾಪದಗಳಿಂದಲೇ ಹೇಳುತ್ತಾರೆ. ದೇವರ ಪಟಕ್ಕೆ ಕಟ್ಟು ಹಾಕಿಸುವಾಗಲೂ ಕನ್ನಡಕದ ಕಟ್ಟು ಮುರಿಯಿತೆನ್ನುವಾಗಲೂ ಈ ಪದಕ್ಕೆ ‘ಅಂಚಿನಿಂದ ಹಿಡಿದು ನಿಲ್ಲಿಸುವ ಚೌಕಟ್ಟು’ ಎಂಬ ಅರ್ಥವೇ ಇದೆ. ನಮಗೆ ಬೇಕಾಗಿರುವುದೂ ಅದೇ ಅರ್ಥ.

ಇಷ್ಟಾದ ಮೇಲೆ ಸಮಾಸ ಮಾಡುವಾಗ ಒಂದು ತೊಡಕು ಎದುರಾಗುತ್ತದೆ. ‘ಹರಳುಗಟ್ಟು’ ಎಂದರೆ ಸ್ಫಟಿಕವಾಗುವುದೆಂಬ ಅರ್ಥ ಈಗಾಗಲೇ ನೆಲೆನಿಂತಿರುವುದರಿಂದ ಅದು ನಮಗೆ ದಕ್ಕುವಂತಿಲ್ಲ. ‘ತಂತಿಗಟ್ಟು’ ಎಂದರೂ, ಹೆಪ್ಪುಗಟ್ಟು, ಮಡುಗಟ್ಟು, ಸಾಲುಗಟ್ಟು ಎಂಬ ಕ್ರಿಯಾಪದಗಳ ಸಾಲಿಗೆ ಸೇರಿ ‘ತಂತಿಯ ರೂಪಕ್ಕೆ ಬರುವುದು’ ಎಂಬಂತೆ ಕಿವಿಗೆ ಕೇಳಿಸುತ್ತದೆ. ಇನ್ನೊಂದು ಕಡೆ ತಲೆಕಟ್ಟು, ನಡುಕಟ್ಟು ಎಂಬ ನಾಮಪದಗಳಲ್ಲಿ ಕಕಾರವು ಹಾಗೆಯೇ ಉಳಿದಿದೆ. ಇವುಗಳ ಮಾದರಿಯಲ್ಲಿ ಕೆಲಸದ ಹೆಸರು ‘ತಂತಿಕಟ್ಟು’ ಎಂದೂ, ಕ್ರಿಯೆಯನ್ನು ಬಿಡಿಸಿ ‘ಹರಳಿಗೆ ತಂತಿ ಕಟ್ಟು’ ಎಂದೂ ಬರೆಯಬಹುದೆಂದು ನನ್ನ ಎಣಿಕೆ. ಮುಂಗಟ್ಟು, ಕಣ್ಗಟ್ಟುಗಳೂ ನಾಮಪದಗಳೇ ಆದರೂ ಅಲ್ಲಿ ಅನುನಾಸಿಕದ ಮುಂದೆ ಗಕಾರ ಬಂದಿರುವುದರಿಂದ ಅವು ನಮಗೆ ಅಡ್ಡಿಯಾಗಲಾರವು. ವ್ಯಾಕರಣ ಬಲ್ಲವರು ಇದನ್ನು ಒಪ್ಪುತ್ತಾರೆಯೇ ಎಂಬುದೇ ನನ್ನ ಮೊದಲನೆಯ ಪ್ರಶ್ನೆ.

‘ತಾರಕಸಿ’ಯನ್ನೇ ಏಕೆ ಬಳಸಬಾರದೆಂದು ಯಾರಾದರೂ ಕೇಳಬಹುದು. ಒಡಿಶಾದ ಕಟಕ್‌ನ ತಾರಕಸಿಯಲ್ಲಿ, ಅಂದರೆ ಬೆಳ್ಳಿ ತಂತಿಯ ಕುಸುರಿಯಲ್ಲಿ, ಬೆಳ್ಳಿಯ ಎಳೆಗಳನ್ನು ಬೆಸುಗೆಯಿಂದ ಕೂಡಿಸುತ್ತಾರೆ. ನಮ್ಮ ಬೀದರಿನ ಬಿದ್ರಿ ಕೆಲಸದಲ್ಲಿ ಬೆಳ್ಳಿಯ ತಂತಿಯನ್ನು ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಕೆತ್ತಿದ ಗೀರುಗಳಿಗೆ ಬಡಿದು ಕೂರಿಸುತ್ತಾರೆ. ಅವೆರಡೂ ತಮ್ಮದೇ ಹೆಸರುಗಳಿರುವ, ಬಹುಕಾಲದಿಂದ ನಡೆದುಬಂದ ಕುಶಲಕಲೆಗಳು. ಬೆಸುಗೆಯೂ ಕೆತ್ತನೆಯೂ ಇಲ್ಲದ ಈ ಕೆಲಸಕ್ಕೆ ಆ ಹೆಸರುಗಳನ್ನು ಹಚ್ಚುವುದು ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಕಲ್ಲಿನ ವಿಷಯದಲ್ಲಿ ನನಗೆ ‘ಹರಳು’ ಎಂಬ ಪದವೇ ಪ್ರಿಯ. ಹಳಗನ್ನಡದ ‘ಪರಲ್’ ಎಂಬುದಕ್ಕೆ ಬೆಣಚುಕಲ್ಲಿನ ಚೂರು ಎಂಬ ಅರ್ಥವೂ ರತ್ನ ಎಂಬ ಅರ್ಥವೂ ಇರುವುದರಿಂದ, ಹೊಳೆಯ ದಂಡೆಯಲ್ಲಿ ಹೆಕ್ಕಿದ್ದಕ್ಕೂ ಗುಜರಾತಿನ ಖಂಭಾತಿನಿಂದ ಬಂದ ಅಕೀಕು (ಅಗೇಟ್) ಕಲ್ಲಿಗೂ ಅದು ಸಮನಾಗಿ ಸಲ್ಲುತ್ತದೆ. ಆದರೆ ‘ಸಾಣೆ ಹಿಡಿದ ಹರಳು’ ಎಂಬ ಮಾತನ್ನು ಎಲ್ಲ ನುಣುಪು ಕಲ್ಲುಗಳಿಗೂ ಬಳಸಬಾರದು. ಸಾಣೆಯ ಮೇಲೆ ಆಕಾರ ಕೊಟ್ಟ ಉಬ್ಬುಹರಳು ಬೇರೆ. ಪೀಪಾಯಿಯಲ್ಲಿ ಸಿಲಿಕಾನ್ ಕಾರ್ಬೈಡ್ ಪುಡಿಯೊಂದಿಗೆ, ಮೊದಲು ದಪ್ಪ ಪುಡಿ, ಅನಂತರ ನುಣ್ಣನೆಯ ಪುಡಿ ಎಂಬ ಕ್ರಮದಲ್ಲಿ, ವಾರಗಟ್ಟಲೆ ಉರುಳಿಸಿ ಮೆರುಗು ತರಿಸಿದ ಕಲ್ಲು ಬೇರೆ. ಎರಡನೆಯದಕ್ಕೆ ನಿರ್ದಿಷ್ಟ ಆಕಾರವಿರುವುದಿಲ್ಲ. ಆದ್ದರಿಂದ ಅದಕ್ಕೆ ಕಟ್ಟು ಹಾಕುವ ಬಗೆಯೂ ಬೇರೆಯಾಗುತ್ತದೆ. ಅದಕ್ಕೆ ‘ಉರುಳುಗಲ್ಲು’ ಎನ್ನೋಣವೆಂದರೆ ಮಣ್ಣಿನ ಮಾಳಿಗೆಯ ಮೇಲೆ ಉರುಳಿಸುವ ಕಲ್ಲು ನೆನಪಾಗುತ್ತದೆ. ‘ಉರುಳಿಸಿದ ಹರಳು’ ಎಂದು ಬಿಡಿಸಿ ಹೇಳಿದರೆ ಸಾಲದೇ?

ಇನ್ನು ತಂತಿಯ ಗಾತ್ರ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಕನ್ನಡದಲ್ಲಿ ‘ತೆಳು’ ಎಂಬುದು ತಗಡಿಗೆ, ಬಟ್ಟೆಗೆ, ಕಾಗದಕ್ಕೆ ಒಪ್ಪುವ ವಿಶೇಷಣ. ತಂತಿಗೂ ದಾರಕ್ಕೂ ‘ಸಣ್ಣ’ ಎನ್ನುವುದೇ ವಾಡಿಕೆ. ಕರಾವಳಿಯವರ ‘ಸಪೂರ’ ಇದಕ್ಕಿಂತಲೂ ಖಚಿತವಾದದ್ದು, ಏಕೆಂದರೆ ‘ಸಣ್ಣ ತಂತಿ’ ಎಂದಾಗ ಉದ್ದ ಕಡಿಮೆಯೆಂಬ ಅರ್ಥವೂ ಬರಬಹುದು, ‘ಸಪೂರ ತಂತಿ’ ಎಂದಾಗ ಬರುವುದಿಲ್ಲ. ಬಯಲುಸೀಮೆಯ ಓದುಗರಿಗೆ ಈ ಪದ ಸಲೀಸಾಗಿ ಅರ್ಥವಾಗುತ್ತದೆಯೇ ಎಂದು ಅತ್ತಕಡೆಯ ಸದಸ್ಯರು ದಯವಿಟ್ಟು ತಿಳಿಸಬೇಕು.

ತಂತಿಯ ದಪ್ಪವನ್ನು ಸೂಚಿಸುವ ಸಂಖ್ಯೆಗೆ ಹೇಳುವ ‘ಗೇಜು’ ಎಂಬ ಪದವನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ, ಅಂಗಡಿಯಲ್ಲಿ ನಡೆಯುವುದು ಅದೇ. ವಿವರಿಸಬೇಕಾದುದು ಅದರ ತಲೆಕೆಳಗಾದ ಲೆಕ್ಕ: ಸಂಖ್ಯೆ ಏರಿದಷ್ಟೂ ತಂತಿ ಸಪೂರವಾಗುತ್ತದೆ. ಅಕ್ಕಸಾಲಿಗರ ಕಂಬಚ್ಚನ್ನು, ಅಂದರೆ ತೂತುಗಳ ಮೂಲಕ ತಂತಿಯನ್ನು ಎಳೆಯುವ ಅಚ್ಚನ್ನು, ಕಂಡವರಿಗೆ ಇದರ ಕಾರಣ ಕೂಡಲೇ ತಿಳಿಯುತ್ತದೆ. ಹೆಚ್ಚು ತೂತುಗಳ ಮೂಲಕ ಎಳೆದಷ್ಟೂ ತಂತಿ ಕಿರಿದಾಗುತ್ತದೆ, ಗೇಜಿನ ಎಣಿಕೆಯ ಬೇರೂ ಆ ಎಳೆತಗಳಲ್ಲಿಯೇ ಇದೆ. ಇದಕ್ಕಿಂತ ದೊಡ್ಡ ಗೊಂದಲವೆಂದರೆ ಗೇಜಿನಲ್ಲಿಯೇ ಎರಡು ಪದ್ಧತಿಗಳಿರುವುದು. ಕಲಿಯುವವರು ನೋಡುವ ಪಾಠಗಳು ಬಹುಮಟ್ಟಿಗೆ ಅಮೆರಿಕದ ಗೇಜನ್ನು ಅನುಸರಿಸುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಮೋಟಾರಿನ ತಾಮ್ರದ ತಂತಿ ಸಿಗುವುದು ಬ್ರಿಟಿಷ್ ಮೂಲದ ಎಸ್‌ಡಬ್ಲ್ಯೂಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಲೆಕ್ಕದಲ್ಲಿ. ಅಮೆರಿಕದ 20 ಗೇಜು ಎಂದರೆ 0.81 ಮಿಲಿಮೀಟರ್, ಎಸ್‌ಡಬ್ಲ್ಯೂಜಿ 20 ಎಂದರೆ 0.91 ಮಿಲಿಮೀಟರ್. ಪಾಠದಲ್ಲಿ 20 ಎಂದಿದ್ದರೆ ನಮ್ಮ ಅಂಗಡಿಯಲ್ಲಿ 21 ಕೇಳಬೇಕು. ಹಾಗೆ ಕೇಳದವರಿಗೆ ಬೇಕಾದುದಕ್ಕಿಂತ ದಪ್ಪ ತಂತಿ ಸಿಕ್ಕಿ, ಅದನ್ನು ಬಗ್ಗಿಸಲು ಹೆಣಗಾಡುವಾಗ ತಮ್ಮ ಕೈಯಲ್ಲೇ ಕಸುವಿಲ್ಲವೆಂದು ಅವರು ಭಾವಿಸುತ್ತಾರೆ. ಹಾಗಾಗಿ ಕೈಪಿಡಿಯಲ್ಲಿ ಎಲ್ಲೆಡೆ ಮಿಲಿಮೀಟರನ್ನೇ ಮೊದಲು ಕೊಡಲು ನಿಶ್ಚಯಿಸಿದ್ದೇನೆ. ಚೌಕಟ್ಟಿಗೆ ಬಳಸುವ 0.8 ಮಿಲಿಮೀಟರಿನದನ್ನು ‘ಕಟ್ಟುತಂತಿ’ ಎಂದೂ, ಅದನ್ನು ಬಿಗಿಯುವ 0.4 ಮಿಲಿಮೀಟರಿನದನ್ನು ‘ಬಿಗಿತಂತಿ’ ಎಂದೂ ಕರೆದಿದ್ದೇನೆ. ಎರಡನೆಯದಕ್ಕೆ ‘ಸರಿಗೆ’ ಎಂಬ ಚೆಂದದ ಪದವಿದ್ದರೂ ಇಂದಿನ ಓದುಗರಿಗೆ ಸೀರೆಯ ಜರಿಯೇ ಮೊದಲು ನೆನಪಾಗುತ್ತದೆಂದು ಕೈಬಿಟ್ಟೆ.

ಇದಕ್ಕೆ ಸೇರಿದ ಇನ್ನೊಂದು ಪದವೆಂದರೆ ‘ಹದ’. ತಾಮ್ರದ ತಂತಿಯನ್ನು ಬಗ್ಗಿಸಿ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸುತ್ತಿದ್ದರೆ ಅದು ಗಡುಸಾಗುತ್ತ ಹೋಗಿ ಕೊನೆಗೆ ಪಟ್ಟನೆ ಮುರಿಯುತ್ತದೆ. ಮಂಕುಗೆಂಪು ಬಣ್ಣಕ್ಕೆ ಬರುವವರೆಗೆ ಕಾಸಿ ನೀರಿಗದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಇದನ್ನು ‘ಹದ ಕೊಡುವುದು’ ಎನ್ನಲು ನನಗೆ ಭಯ. ಏಕೆಂದರೆ ಕುಲುಮೆಯಲ್ಲಿ ಕುಡುಗೋಲಿಗೆ ಹದ ಕೊಡುವುದೆಂದರೆ ಕಾಸಿ ನೀರಿಗದ್ದಿ ಬಾಯಿಯನ್ನು ಗಡುಸು ಮಾಡುವುದು. ಮಾಡುವ ಕೆಲಸ ಒಂದೇ, ಉಕ್ಕಿನಲ್ಲಿ ಫಲ ಒಂದಾದರೆ ತಾಮ್ರದಲ್ಲಿ ಅದರ ವಿರುದ್ಧ. ‘ಪುಟ’ವೂ ಆಗದು, ಅದು ಚಿನ್ನವನ್ನು ಶುದ್ಧಿಗೊಳಿಸುವ ಮಾತು. ‘ಕಾಸಿ ಮೆತುಗೊಳಿಸು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಅಕ್ಕಸಾಲಿಗರ ಮನೆತನದಿಂದ ಬಂದವರು ಈ ಬಳಗದಲ್ಲಿದ್ದರೆ, ಚಿನ್ನ ಬೆಳ್ಳಿಯ ತಂತಿಯನ್ನು ಹೀಗೆ ಕಾಸುವುದಕ್ಕೆ ನಿಮ್ಮ ಮನೆಯ ಹಿರಿಯರು ಯಾವ ಮಾತನ್ನು ಆಡುತ್ತಿದ್ದರೆಂದು ತಿಳಿಸಿದರೆ ಬಹಳ ಉಪಕಾರವಾಗುತ್ತದೆ. (ಮೋಟಾರಿನ ತಂತಿಯ ಮೇಲೆ ಎನಾಮೆಲ್ ಲೇಪವಿರುವುದರಿಂದ ಅದನ್ನು ಕಾಸಬಾರದು, ಹೊಗೆ ಕೆಟ್ಟದ್ದು, ಕಾಸುವುದಿದ್ದರೆ ಲೇಪವಿಲ್ಲದ ಬರಿದಾದ ತಾಮ್ರವೇ ಆಗಬೇಕು.)

ಪದಕವನ್ನು ಸರಕ್ಕೆ ತೂಗುಹಾಕುವ ಮೇಲಿನ ಬಳೆಗೆ ಏನೆನ್ನಬೇಕು? ಮಿಕ್ಕ ತಂತಿಯ ತುದಿಗಳನ್ನೇ ದುಂಡುಮೂತಿಯ ಇಕ್ಕಳದಿಂದ ಬಾಗಿಸಿ ಇದನ್ನು ಮಾಡುತ್ತಾರೆ. ‘ಕೊಂಡಿ’ ಎಂದರೆ ಸರದ ಎರಡು ತುದಿಗಳನ್ನು ಕೂಡಿಸುವ ಕೊಂಡಿಯೊಡನೆ ಗೊಂದಲವಾಗುತ್ತದೆ. ‘ಕುಣಿಕೆ’ ಆಕಾರಕ್ಕೆ ಸರಿಹೊಂದುವ ಪದವಾದರೂ ಕೊರಳಿನ ಒಡವೆಯ ಮಾತಿನಲ್ಲಿ ಅದು ಕೇಳುವುದಕ್ಕೆ ಅಮಂಗಳವಾಗುತ್ತದೆ. ಕೊಪ್ಪರಿಗೆಗೆ, ಬಾಣಲೆಗೆ ಕಿವಿಯಿರುವಂತೆ ‘ಪದಕದ ಕಿವಿ’ ಎನ್ನಬಹುದೆಂದು ನನ್ನ ಸೂಚನೆ. ಒಡವೆಯ ಅಂಗಡಿಗಳಲ್ಲಿ ಪದಕವನ್ನೇ ‘ಡಾಲರ್’ ಎನ್ನುವುದು ಗೊತ್ತಿದೆ. ಆದರೂ ಕೈಪಿಡಿಯಲ್ಲಿ ಪದಕವೆಂದೇ ಉಳಿಸಿಕೊಳ್ಳುತ್ತೇನೆ.

ಕೊನೆಯದಾಗಿ, ತಾಮ್ರದ ಮೇಲೆ ಕಾಲಕ್ರಮದಲ್ಲಿ ಏರುವ ಬಣ್ಣದ ಪ್ರಶ್ನೆ. ‘ಕಿಲುಬು’ ಎಂದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆಯಬೇಕಾದ ಹಸಿರು. ಅದು ದೋಷವನ್ನು ಸೂಚಿಸುವ ಮಾತು. ಆದರೆ ಈ ಕೆಲಸದಲ್ಲಿ ಗಂಧಕದ ಸಂಯುಕ್ತಗಳ ನೀರಿನಲ್ಲಿ ಅದ್ದಿ ತಾಮ್ರವನ್ನು ಬೇಕೆಂದೇ ಕಪ್ಪಾಗಿಸಿ, ಉಬ್ಬಿದ ಭಾಗಗಳನ್ನಷ್ಟೇ ಉಜ್ಜಿ ಹೊಳಪು ತರುತ್ತಾರೆ. ಹೀಗೆ ಬೇಕೆಂದು ತಂದ ಬಣ್ಣಕ್ಕೆ ‘ಕಪ್ಪೇರಿಸುವುದು’ ಎಂಬುದಕ್ಕಿಂತ ಒಳ್ಳೆಯ ಪದ ನನಗೆ ಹೊಳೆದಿಲ್ಲ. ಬೀದರಿನಲ್ಲಿ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಬಿದ್ರಿ ಪಾತ್ರೆಗಳಿಗೆ ಕಪ್ಪು ತರುವ ಕುಶಲಕರ್ಮಿಗಳ ಒಡನಾಟವಿರುವವರು, ಅವರು ತಮ್ಮತಮ್ಮಲ್ಲಿ ಆ ಹಂತಕ್ಕೆ ಬಳಸುವ ಮಾತು ಕನ್ನಡದ್ದಾಗಲಿ ದಖನಿಯದ್ದಾಗಲಿ, ಅದನ್ನು ಕೇಳಿದಂತೆಯೇ ಇಲ್ಲಿ ಬರೆದು ತಿಳಿಸಬೇಕಾಗಿ ವಿನಂತಿ.