ಗೋಡೆ 48 ಇಂಚಿದೆ, ಆದರೂ ಈಜುಕೊಳಕ್ಕೆ ಪರವಾನಗಿ ಸಿಗಲಿಲ್ಲ

ತೇಲುಬುಂಡೆ:
ನೆಲದ ಮೇಲೆ ನಿಲ್ಲಿಸುವ 15 ಅಡಿ ಅಗಲದ ಫ್ರೇಮ್ ಪೂಲ್ ತಂದಿದ್ದೇನೆ. ಕೊಳದ ಗೋಡೆ 48 ಇಂಚು, ಹಾಗಾಗಿ ಮಕ್ಕಳು ಹತ್ತಿ ನೀರಿಗೆ ಬೀಳದಂತೆ ಇರಬೇಕಾದ ಬೇಲಿಗೆ ಆ ಗೋಡೆಯೇ ಸಾಕು ಅಂದುಕೊಂಡಿದ್ದೆ. ಏಣಿಯನ್ನೂ ತೆಗೆದಿಟ್ಟಿದ್ದೆ. ತಪಾಸಣೆಗೆ ಬಂದವರು ‘ತಡೆ ಸಾಲದು’ ಅಂತ ಬರೆದು ಹೋದರು. ಎಲ್ಲಿ ತಪ್ಪಿದೆ?

ಕೆರೆದಂಡೆ:
ಪಂಪ್ ಎಲ್ಲಿದೆ? ಹೊರಗಿನ ನೆಲದಿಂದ ಗೋಡೆಯ ತುದಿಗೆ ಟೇಪ್ ಹಿಡಿದು ಸುತ್ತಲೂ ಅಳೆದು ಹೇಳಿ.

ತೇಲುಬುಂಡೆ:
ಪಂಪ್ ಗೋಡೆ ಪಕ್ಕದಲ್ಲೇ. ಮೂರು ಕಡೆ 48, ಹೂವಿನ ಮಡಿ ಇರುವ ಕಡೆ 43.

ಕೆರೆದಂಡೆ:
ಸರಿ, ಎರಡೂ ಸಿಕ್ಕಿತು. ಪೆಟ್ಟಿಗೆಯ ಮೇಲೆ ಬರೆದ ಎತ್ತರ ಲೆಕ್ಕಕ್ಕಿಲ್ಲ. ಮಗು ನಿಲ್ಲುವ ಜಾಗದಿಂದ ಅಳೆಯುತ್ತಾರೆ. ಹಲವು ಕಡೆಯ ಸ್ಥಳೀಯ ನಿಯಮಗಳಿಗೆ ಮಾದರಿಯಾದ ಅಂತರರಾಷ್ಟ್ರೀಯ ಈಜುಕೊಳ ಸಂಹಿತೆಯಲ್ಲಿ ಸುತ್ತಲೂ 48 ಇಂಚು ಇರಲೇಬೇಕು. ಹತ್ತಲು ಮೆಟ್ಟಿಲಾಗುವ ವಸ್ತುಗಳು ತಡೆಯಿಂದ 36 ಇಂಚು ದೂರವಿರಬೇಕು. ನಿಮ್ಮ ಪಂಪ್ ಸೊಗಸಾದ ಮೆಟ್ಟಿಲು! ಜೊತೆಗೆ ಬರುವ ಪೈಪ್ ಗಿಡ್ಡವಾದರೆ ಎಲ್ಲರೂ ಮಾಡುವ ತಪ್ಪೇ ಇದು. ಉದ್ದದ ಪೈಪ್ ಹಾಕಿ ದೂರ ಸರಿಸಿ.

ಮಡಿಯಲ್ಲಿ ಏರಿಸಿದ ಮಣ್ಣನ್ನಷ್ಟೇ ತೆಗೆಯಿರಿ, ಮೂಲ ನೆಲ ಅಗೆಯಬೇಡಿ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. 15 ಅಡಿ ಕೊಳದಲ್ಲಿ ಮೂರೂವರೆ ಅಡಿ ನೀರಿದ್ದರೆ ಹದಿನೇಳು ಟನ್ನಿಗೂ ಮೇಲೆ. ಬುಡದ ಮಣ್ಣು ಸಡಿಲವಾದರೆ ಗೋಡೆ ಆ ಕಡೆಗೇ ವಾಲುತ್ತದೆ.

ನೀರ್‌ಕಾಗೆ:
ನೀರು ಖಾಲಿ ಮಾಡಿ ಮಡಿ ಕೆದಕಿ. ಗೋಡೆಯ ಮೇಲೆ ಕಟಕಟೆ ಕೂರಿಸುವ ಯೋಚನೆ ಬೇಡ, ಆ ತೆಳು ಫ್ರೇಮ್ ತಾಳುವುದಿಲ್ಲ. ಎತ್ತರ ಸಾಲದಿದ್ದರೆ ಪ್ರತ್ಯೇಕ ಬೇಲಿಯೇ ಗತಿ. ಅದರ ಗೇಟು ಕೊಳದಿಂದ ಆಚೆಗೆ ತೆರೆಯಬೇಕು, ತಾನೇ ಮುಚ್ಚಿ ಚಿಲಕ ಬೀಳಬೇಕು. ಮತ್ತೆ, ಪಂಪಿಗೆ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದಿಲ್ಲ ತಾನೆ? ಸೋರಿಕೆ ಕರೆಂಟ್ ಕಂಡ ಕೂಡಲೇ ಲೈನ್ ಕಡಿಯುವ ಸಾಕೆಟ್ ಹಾಕಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲೇ.

ತೇಲುಬುಂಡೆ:
ಎಳೆದಿದ್ದೆ, ಈಗ ತೆಗೆದೆ. ಇನ್ನೊಂದು ಅನುಮಾನ: ಕೊಳದಲ್ಲಿ 20 ಇಂಚು ಮಾತ್ರ ನೀರು ತುಂಬಿದರೆ ಪರವಾನಗಿಯೇ ಬೇಡವಂತೆ?

ಕೆರೆದಂಡೆ:
24 ಇಂಚಿಗಿಂತ ಕಡಿಮೆ ಆಳದ ರೆಡಿಮೇಡ್ ಕೊಳಗಳಿಗೆ ಹಲವು ಕಡೆ ವಿನಾಯಿತಿ ಇದೆ ನಿಜ. ಆದರೆ ಅಲ್ಲಿ ನೋಡುವುದು ಕೊಳದ ಆಳವನ್ನು, ನೀವು ತುಂಬಿದ ನೀರನ್ನಲ್ಲ. ಆ ವಾದ ಇಟ್ಟುಕೊಂಡು ಎರಡನೇ ತಪಾಸಣೆಗೆ ಹೋಗಬೇಡಿ.

ತೇಲುಬುಂಡೆ:
ಪಂಪ್ ಸರಿಸಿದೆ, ಮಣ್ಣು ತೆಗೆದೆ. ಈಗ ಎಲ್ಲ ಕಡೆ 48, ಒಂದು ಮೂಲೆಯಲ್ಲಿ 47½. ನಾಳೆ ಮತ್ತೆ ಸಲಿಕೆ ಹಿಡಿಯಬೇಕು.