ಮಳೆ ಶುರುವಾದ ಮೇಲೆ ಬ್ಲೂ-ರೇ ಪ್ಲೇಯರ್ ‘ನೋ ಡಿಸ್ಕ್’ ಅನ್ನುತ್ತಿದೆ, ಸಿಡಿ ಮಾತ್ರ ಹಾಡುತ್ತದೆ

ಕಲ್ಯಾಣಪುರದಕ್ಕ

ಎಲ್ಲರಿಗೂ ನಮಸ್ಕಾರ. ನನಗೆ ಈ ಹೋಮ್ ಥಿಯೇಟರ್ ವಿಷಯ ಜಾಸ್ತಿ ಗೊತ್ತಿಲ್ಲ, ತಪ್ಪು ಬರೆದರೆ ತಿದ್ದಿ.

ನಮ್ಮವರು 2013ರಲ್ಲಿ ದುಬೈಯಿಂದ ತಂದ ಬ್ಲೂ-ರೇ ಸೆಟ್. ಐದು ಸ್ಪೀಕರ್, ಒಂದು ಸಬ್‌ವೂಫರ್, ಎಲ್ಲ ಒಟ್ಟಿಗೇ ಬಂದದ್ದು. ಇಷ್ಟು ವರ್ಷ ಒಂದು ದಿನ ತೊಂದರೆ ಕೊಟ್ಟದ್ದಿಲ್ಲ. ಈ ಸಲ ಮಳೆ ಹಿಡಿದ ಮೇಲೆ ಹಟ ಶುರು ಮಾಡಿದೆ. ಬ್ಲೂ-ರೇ ಹಾಕಿದರೆ ಸ್ವಲ್ಪ ಹೊತ್ತು ಗುರ್ ಗುರ್ ಅಂದು ‘ನೋ ಡಿಸ್ಕ್’. ಅಂಗಡಿಯಿಂದ ತಂದ ಯಕ್ಷಗಾನದ ಡಿವಿಡಿ ಹತ್ತು ಸಲ ಹಾಕಿದರೆ ನಾಲ್ಕು ಸಲ ಓಡುತ್ತದೆ. ನಮ್ಮ ಮದುವೆಯ ಡಿವಿಡಿ ಎರಡುಂಟು, 2010ರಲ್ಲಿ ಸ್ಟುಡಿಯೋದವರು ರೈಟ್ ಮಾಡಿ ಕೊಟ್ಟದ್ದು. ಅವು ಒಮ್ಮೆಯೂ ಓಡುವುದಿಲ್ಲ. ಸಿಡಿ ಮಾತ್ರ ಏನೂ ಆಗದ ಹಾಗೆ ಹಾಡುತ್ತದೆ!

ಪೇಟೆಯ ಒಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಮುಚ್ಚಳ ಕೂಡ ಬಿಚ್ಚಲಿಲ್ಲ. “ಲೆನ್ಸ್ ಹೋಗಿದೆ ಅಕ್ಕ, ಪಾರ್ಟ್ ಸಿಗುವುದಿಲ್ಲ, ಸೌಂಡ್‌ಬಾರ್ ತಗೊಳ್ಳಿ” ಅಂದರು.

ನನಗೆ ಅವಸರ ಯಾಕೆಂದರೆ ಅತ್ತೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ ದೀಪಾವಳಿಯವರೆಗೆ ಅವರಿಗೆ ಡಿವಿಡಿಯ ಆಟವೇ ಗತಿ. ಮೊಬೈಲಿನಲ್ಲಿ ಹಾಕಿಕೊಟ್ಟರೆ ಭಾಗವತರು ಪದ ಎತ್ತುವಾಗ ಸಾಬೂನಿನ ಜಾಹೀರಾತು ಬರುತ್ತದೆ. ಬೈಗುಳ ನನಗೆ.

ಸುರತ್ಕಲ್ ಸಬ್‌ವೂಫರ್

ಅಕ್ಕ, ಇದು ರೀಜನ್ ಕೋಡ್ ಸಮಸ್ಯೆ. ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದ ಹಾಗೆ ಹಾಕುವ ಬೀಗ ಅದು. ದುಬೈಯ ಪ್ಲೇಯರ್ ಅಂದರೆ ಡಿವಿಡಿಗೆ ರೀಜನ್ 2, ಬ್ಲೂ-ರೇಗೆ ಬಿ. ನಮ್ಮ ದೇಶದ್ದು ಡಿವಿಡಿ 5, ಬ್ಲೂ-ರೇ ಸಿ. ರಿಮೋಟ್‌ನಲ್ಲಿ ಒಂದು ಕೋಡ್ ಒತ್ತಿ ತೆಗೆಯಬಹುದು. ಮಾಡೆಲ್ ನಂಬರ್ ಹೇಳಿ.

ಕದ್ರಿ ಕೇಳುಗ

ಆನ್‌ಲೈನ್‌ನಲ್ಲಿ ಲೆನ್ಸ್ ಕ್ಲೀನರ್ ಡಿಸ್ಕ್ ಸಿಗುತ್ತದೆ. ಸಣ್ಣ ಬ್ರಷ್ ಅಂಟಿಸಿದ್ದು. ಹಾಕಿ ಎರಡು ನಿಮಿಷ ಓಡಿಸಿದರೆ ಮುಗಿಯಿತು. ನನ್ನ ಹಳೇ ಸಿಡಿ ಪ್ಲೇಯರ್ ಅದರಲ್ಲೇ ಸರಿಯಾದದ್ದು.

ಹಂಪನಕಟ್ಟೆ ಹಳಬ

ಸುರತ್ಕಲ್‌ನವರೇ, ಇಷ್ಟು ವರ್ಷ ಓಡಿದ ಡಿಸ್ಕ್‌ನ ರೀಜನ್ ಮಳೆಗಾಲದಲ್ಲಿ ಬದಲಾಗುತ್ತದಾ ಮಾರಾಯ್ರೆ? ರೀಜನ್ ಹೊಂದದಿದ್ದರೆ ಪ್ಲೇಯರ್ ಡಿಸ್ಕ್ ಓದಿ, ಆಮೇಲೆ ಇದು ಆಗುವುದಿಲ್ಲ ಅಂತ ಬೇರೆಯೇ ಮೆಸೇಜ್ ಕೊಡುತ್ತದೆ. ಇಲ್ಲಿ ಡಿಸ್ಕ್ ಇರುವುದೇ ಅದಕ್ಕೆ ಗೊತ್ತಾಗುತ್ತಿಲ್ಲ. ಸ್ಟುಡಿಯೋದವರು ರೈಟ್ ಮಾಡಿದ್ದಕ್ಕೆ ರೀಜನ್ ಹಾಕುವ ಕ್ರಮವೂ ಇಲ್ಲ.

ಬ್ರಷ್ ಡಿಸ್ಕ್ ಬೇಡ. ಸಿಡಿ ಪ್ಲೇಯರಿಗೆ ನಡೆಯುತ್ತಿತ್ತು. ಬ್ಲೂ-ರೇಯಲ್ಲಿ ಲೆನ್ಸ್ ಡಿಸ್ಕ್‌ಗೆ ತೀರಾ ಹತ್ತಿರ ನಿಲ್ಲುತ್ತದೆ. ಅಲ್ಲಿ ಬ್ರಷ್ ತಿರುಗಿಸುವುದು ಕಣ್ಣಿಗೆ ಕಡ್ಡಿ ಹಾಕಿದ ಹಾಗೆ.

ಅಕ್ಕಾ, ಸಿಡಿ ಓಡುತ್ತದೆ ಅಂದಿರಲ್ಲ, ಅದೇ ಸುಳಿವು. ಈ ಪೆಟ್ಟಿಗೆಯೊಳಗೆ ಮೂರು ಬಗೆಯ ಲೇಸರ್ ಬೆಳಕು ಉಂಟು. ಅದರ ಅಲೆಯುದ್ದ ಸಿಡಿಗೆ 780 ನ್ಯಾನೋಮೀಟರ್, ಡಿವಿಡಿಗೆ 650, ಬ್ಲೂ-ರೇಗೆ 405. ಡಿವಿಡಿಯ ಲೇಸರ್ ಸತ್ತಿದ್ದರೆ ಹತ್ತರಲ್ಲಿ ನಾಲ್ಕು ಸಲ ಹೇಗೆ ಓಡುತ್ತದೆ? ಸತ್ತದ್ದಲ್ಲ, ಕಣ್ಣು ಮಂಜಾಗಿದೆ. ಡಿಸ್ಕ್‌ನ ಮೇಲೆ ಸಾಲು ಸಾಲಾಗಿ ಬರೆದಿರುತ್ತದೆ ಅಂತ ಇಟ್ಟುಕೊಳ್ಳಿ. ಸಿಡಿಯಲ್ಲಿ ಸಾಲಿನಿಂದ ಸಾಲಿಗೆ 1.6 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಡಿವಿಡಿಯಲ್ಲಿ 0.74. ಬ್ಲೂ-ರೇಯಲ್ಲಿ 0.32. ಕನ್ನಡಕಕ್ಕೆ ಹಬೆ ಹಿಡಿದರೂ ಬಸ್ಸಿನ ಬೋರ್ಡ್ ಓದಬಹುದು, ಪಂಚಾಂಗದ ಅಕ್ಷರ ಓದಲಿಕ್ಕೆ ಆಗುವುದಿಲ್ಲ ಅಲ್ವಾ? ಹಾಗೆ.

ಎರಡು ಪ್ರಶ್ನೆ. ಪ್ಲೇಯರ್ ಎಲ್ಲಿ ಇಟ್ಟಿದ್ದೀರಿ? ಅರ್ಧ ಗಂಟೆ ಆನ್ ಮಾಡಿಟ್ಟು ಆಮೇಲೆ ಡಿಸ್ಕ್ ಹಾಕಿದರೆ ವ್ಯತ್ಯಾಸ ಉಂಟಾ?

ಕಲ್ಯಾಣಪುರದಕ್ಕ

ಹಾಲ್‌ನ ಶೋಕೇಸಿನಲ್ಲಿ, ಗಾಜಿನ ಬಾಗಿಲಿನ ಒಳಗೆ. ಹಿಂದಿನ ಗೋಡೆ ಹೊರಗಿನದ್ದು, ಮಳೆ ಬಡಿಯುವ ಬದಿ. ನೀವು ಕೇಳಿದ ಮೇಲೆ ಕೈ ಹಾಕಿ ನೋಡಿದೆ. ಗೋಡೆ ತಣ್ಣಗೆ ಬೆವರಿದೆ. ಪಕ್ಕದಲ್ಲಿಟ್ಟ ಆಲ್ಬಮ್‌ಗೆ ಬಿಳಿ ಬೂಸು ಹಿಡಿದಿದೆ. ಅಯ್ಯೋ ದೇವರೇ.

ಹೌದು, ಬೆಳಿಗ್ಗೆ ಹಾಕಿದರೆ ಏನೂ ಓದುವುದಿಲ್ಲ. ಸಂಜೆ ಸ್ವಲ್ಪ ಹೊತ್ತು ಹಾಡು ಕೇಳಿ ಆಮೇಲೆ ಡಿವಿಡಿ ಹಾಕಿದರೆ ಕೆಲವೊಮ್ಮೆ ಓಡುತ್ತದೆ. ನಾನು ಅದೃಷ್ಟ ಅಂದುಕೊಂಡಿದ್ದೆ.

ಹಂಪನಕಟ್ಟೆ ಹಳಬ

ಅದೃಷ್ಟ ಅಲ್ಲ, ಬಿಸಿ. ಒಳಗಿನ ತೇವ ಆರಿದಾಗ ಓದುತ್ತದೆ. ಆದರೆ ಬೂಸು ಹಿಡಿಯುವ ಜಾಗ ಅಂದಮೇಲೆ ಲೆನ್ಸ್ ಮೇಲೆ ಪೊರೆಯೂ ಕೂತಿರುತ್ತದೆ, ಅದು ಬಿಸಿಗೆ ಹೋಗುವುದಿಲ್ಲ. ಸಮುದ್ರದ ಬದಿಯ ಮನೆಗಳಲ್ಲಿ ಇದು ಪ್ರತಿ ವರ್ಷದ ಕತೆ. ಹಿಂದೆ ವಿಸಿಆರ್ ಕಾಲದಲ್ಲಿ ಕ್ಯಾಸೆಟ್ ಕಪಾಟಿನೊಳಗೆ ಜೀರೋ ಬಲ್ಬ್ ಉರಿಸಿಡುತ್ತಿದ್ದರು. ಸುಮ್ನೆ ಅಲ್ಲ.

ಮನೆಯಲ್ಲೇ ಮಾಡಬಹುದು. ಟ್ರೇ ಹೊರಗೆ ಬಂದಿರುವಾಗಲೇ ಪ್ಲಗ್ ಎಳೆಯಿರಿ, ಆಗ ಟ್ರೇ ಅಲ್ಲೇ ನಿಲ್ಲುತ್ತದೆ. ಅರ್ಧ ಗಂಟೆ ಬಿಡಿ. ಆಮೇಲೆ ಮೇಲಿನ ತಗಡು ಬಿಚ್ಚಿ. ಒಂದು ಬದಿಯಲ್ಲಿ ಪವರ್ ಸಪ್ಲೈ ಬೋರ್ಡ್ ಇರುತ್ತದೆ, ದೊಡ್ಡ ಡಬ್ಬಿಯಂಥ ಕೆಪಾಸಿಟರ್ ಇರುವುದು. ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಆ ಬದಿಗೆ ಬೆರಳು ಬೇಡ.

ನಡುವೆ ಡಿಸ್ಕ್ ತಿರುಗುವ ಜಾಗದ ಪಕ್ಕ ಲೆನ್ಸ್ ಕಾಣುತ್ತದೆ. ಮೆಡಿಕಲ್‌ನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಕೇಳಿ, 99 ಪರ್ಸೆಂಟ್‌ನದ್ದು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಇನ್ನೊಂದು ಪೊರೆ ಕೂರುತ್ತದೆ. ಇಯರ್‌ಬಡ್‌ನ ತುದಿ ಒದ್ದೆಯಾದರೆ ಸಾಕು, ತೊಟ್ಟಿಕ್ಕಬಾರದು. ಲೆನ್ಸ್ ಕೂದಲಿನಂಥ ತಂತಿಯ ಮೇಲೆ ತೂಗುತ್ತಿರುತ್ತದೆ. ಒತ್ತಬೇಡಿ. ಬಡ್‌ನ ಭಾರ ಸಾಕು. ಒಂದು ಸುತ್ತು, ಆಮೇಲೆ ಒಣ ಬಡ್‌ನಲ್ಲಿ ಇನ್ನೊಂದು ಸುತ್ತು. ಹತ್ತು ನಿಮಿಷ ಒಣಗಿಸಿ. ತಗಡು ಹಾಕಿ ಸ್ಕ್ರೂ ಬಿಗಿದ ಮೇಲೆಯೇ ಪ್ಲಗ್ ಹಾಕಬೇಕು. ತೆರೆದಿಟ್ಟು ಲೇಸರ್ ಬರುತ್ತದಾ ಅಂತ ಇಣುಕಬಾರದು.

ಕಲ್ಯಾಣಪುರದಕ್ಕ

ಆಟಿ ಅಮಾವಾಸ್ಯೆ ದಿನ ಬೆಳಿಗ್ಗೆ ಎಲ್ಲರೂ ಪಾಲೆ ಕಷಾಯ ಕುಡಿದು ಮುಖ ಕಹಿ ಮಾಡಿ ಕೂತಿರುವಾಗ ನಾನು ಸ್ಕ್ರೂಡ್ರೈವರ್ ಹಿಡಿದೆ. ಮಗ ಟಾರ್ಚ್ ಹಿಡಿದ. ಲೆನ್ಸ್ ಮೇಲೆ ಹಬೆ ಆರಿದ ಗಾಜಿನ ಹಾಗೆ ಮಸುಕು ಇತ್ತು. ಬಡ್ ತಿರುಗಿಸಿದ ಮೇಲೆ ನೀಲಿ ಹೊಳಪು ಬಂತು.

ಬ್ಲೂ-ರೇ ಹಾಕಿದೆ. ಓಡಿತು! ಒಂದೇ ಸಲಕ್ಕೆ! ಆದರೆ ಡಿವಿಡಿ ಮೊದಲಿನ ಹಾಗೇ, ಓಡಿದರೆ ಓಡಿತು. ಇದೆಂತದ್ದು? ಬ್ಲೂ-ರೇಯೇ ಕಷ್ಟದ್ದು ಅಂದಿರಲ್ಲ?

ಹಂಪನಕಟ್ಟೆ ಹಳಬ

ಅಲ್ಲಿ ಲೆನ್ಸ್ ಒಂದೇ ಇತ್ತಾ, ಎರಡಾ? ಇಂಥ ಎಷ್ಟೋ ಪ್ಲೇಯರ್‌ಗಳಲ್ಲಿ ಪಕ್ಕಪಕ್ಕದಲ್ಲಿ ಎರಡು ಇರುತ್ತದೆ. ಒಂದು ಬ್ಲೂ-ರೇಗೆ, ಇನ್ನೊಂದು ಡಿವಿಡಿ-ಸಿಡಿಗೆ. ನಾನು ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು.

ಕಲ್ಯಾಣಪುರದಕ್ಕ

ಎರಡುಂಟು! ಇನ್ನೊಂದನ್ನು ನಾನು ಸ್ಕ್ರೂ ಮುಚ್ಚುವ ಗಾಜಿನ ಬಿರಡೆ ಅಂದುಕೊಂಡಿದ್ದೆ. ನಗಬೇಡಿ.

ಅದನ್ನೂ ಒರೆಸಿದೆ. ಯಕ್ಷಗಾನದ ಡಿವಿಡಿ ಈಗ ಹಾಕಿದ ಕೂಡಲೇ ಓಡುತ್ತದೆ. ಅತ್ತೆ ನಿನ್ನೆ ರಾತ್ರಿ ಮೂರು ಡಿಸ್ಕ್‌ನ ಪ್ರಸಂಗ ಪೂರ್ತಿ ನೋಡಿದರು, ನಡುವೆ ಚಾ ಎರಡು ಸಲ. ಪ್ಲೇಯರನ್ನು ಶೋಕೇಸಿನಿಂದ ತೆಗೆದು ಟಿವಿ ಕೆಳಗಿನ ಮೇಜಿಗೆ ತಂದಿದ್ದೇನೆ, ಗೋಡೆಯಿಂದ ಒಂದು ಗೇಣು ಮುಂದೆ. ಸೌಂಡ್‌ಬಾರ್ ತಗೊಳ್ಳಿ ಅಂದವರ ಅಂಗಡಿ ಮುಂದೆ ಒಮ್ಮೆ ನಡೆದು ಹೋಗಬೇಕು ಅನಿಸುತ್ತಿದೆ.

ಒಂದೇ ಬೇಸರ. ಮದುವೆಯ ಡಿವಿಡಿ ಈಗಲೂ ಇಲ್ಲ. ಎರಡೂ. ಒಳಗೆ ಹೋಗಿ ಧಡ ಧಡ ಅಂತ ಸದ್ದು ಮಾಡುತ್ತದೆ, ಪ್ಲೇಯರೇ ನಡುಗುತ್ತದೆ, ಆಮೇಲೆ ‘ನೋ ಡಿಸ್ಕ್’.

ಕದ್ರಿ ಕೇಳುಗ

ರೈಟ್ ಮಾಡಿದ ಡಿಸ್ಕ್‌ಗೆ ಆಯುಷ್ಯ ಕಡಿಮೆ ಅಕ್ಕ. ಅದರಲ್ಲಿ ಮಾಹಿತಿ ಇರುವುದು ಬಣ್ಣದ ಪದರದಲ್ಲಿ. ಬಿಸಿಲು, ಸೆಖೆ ತಾಗಿದರೆ ಬಣ್ಣ ಮಾಸುತ್ತದೆ. ಹೋಗಿರಬಹುದು.

ಹಂಪನಕಟ್ಟೆ ಹಳಬ

ಬಣ್ಣ ಮಾಸಿದರೆ ಧಡ ಧಡ ಸದ್ದು ಯಾಕೆ ಬರುತ್ತದೆ? ನಡುಗುವುದು ಬೇರೆ ಕಾಯಿಲೆ. ಅಕ್ಕಾ, ಆ ಡಿಸ್ಕ್‌ನ ಮೇಲ್ಮೈಯಲ್ಲಿ ಎಂತ ಉಂಟು? ಪೆನ್ನಿನಲ್ಲಿ ಬರೆದದ್ದಾ, ಪ್ರಿಂಟಾ, ಅಥವಾ ಸ್ಟಿಕರಾ?

ಕಲ್ಯಾಣಪುರದಕ್ಕ

ಸ್ಟಿಕರ್. ನಮ್ಮಿಬ್ಬರ ಫೋಟೋ, ಸುತ್ತ ಮಲ್ಲಿಗೆಯ ಬಾರ್ಡರ್, ಕೆಳಗೆ ಮುಹೂರ್ತದ ತಾರೀಕು. ಆಗ ಎಲ್ಲ ಸ್ಟುಡಿಯೋದವರೂ ಹಾಗೇ ಮಾಡುತ್ತಿದ್ದರು. ಒಂದು ಬದಿಯಲ್ಲಿ ಸ್ವಲ್ಪ ಗುಳ್ಳೆ ಎದ್ದಿದೆ, ನಮ್ಮವರ ಪೇಟದ ಹತ್ತಿರ.

ಹಂಪನಕಟ್ಟೆ ಹಳಬ

ಸಿಕ್ಕಿತು. ಮನೆಯಲ್ಲಿ ಕನ್ನಡಿ ಉಂಟಲ್ಲ, ಅದನ್ನು ಮೇಜಿನ ಮೇಲೆ ಮಲಗಿಸಿ ಡಿಸ್ಕ್ ಇಟ್ಟು ನೋಡಿ. ಒಂದು ಬದಿ ಎದ್ದಿರುತ್ತದೆ.

ಕಾಗದ ಮಳೆಗಾಲದಲ್ಲಿ ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಎಳೆಯುತ್ತದೆ. ಅಂಟು ಗಟ್ಟಿ ಹಿಡಿದಿರುವುದರಿಂದ ಡಿಸ್ಕೂ ಜೊತೆಗೆ ಬಗ್ಗುತ್ತದೆ. ಹತ್ತು ಹದಿನೈದು ಮಳೆಗಾಲ ಹೀಗೇ ಆಗಿದೆ. ಜೊತೆಗೆ ಸ್ಟಿಕರ್ ಅಂಟಿಸುವಾಗ ಒಂದು ಕೂದಲೆಳೆ ಆಚೀಚೆ ಆದರೂ ತೂಕ ಒಂದು ಬದಿಗೆ ಜಾಸ್ತಿ. ಡಿವಿಡಿಯ ಒಳಭಾಗ ಓದುವಾಗ ಡಿಸ್ಕ್ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ. ತೂಕ ತಪ್ಪಿದ ಚಕ್ರ ಹಾಗೆ ತಿರುಗಿದರೆ ನಡುಗದೆ ಇರುತ್ತದಾ? ಲೆನ್ಸ್ ಸ್ವಚ್ಛ ಇದ್ದಾಗ, ಬಗ್ಗುವಿಕೆ ಕಡಿಮೆ ಇದ್ದಾಗ ಹೇಗೋ ಓದುತ್ತಿತ್ತು.

ಸ್ಟಿಕರ್ ಕೀಳಬೇಡಿ. ಸಿಡಿಯಾದರೆ ಲೇಬಲ್‌ನ ಅಡಿಯಲ್ಲೇ ಮಾಹಿತಿ, ಸ್ಟಿಕರ್ ಜೊತೆ ಅದೂ ಎದ್ದು ಬರುತ್ತದೆ. ಡಿವಿಡಿ ಅಂದರೆ 0.6 ಮಿಲಿಮೀಟರ್‌ನ ಎರಡು ಹಾಳೆ ಅಂಟಿಸಿದ್ದು, ಮಾಹಿತಿ ನಡುವೆ ಇರುತ್ತದೆ, ಅಷ್ಟು ಸುಲಭದಲ್ಲಿ ಹರಿಯುವುದಿಲ್ಲ. ಆದರೂ ಎಳೆಯುವಾಗ ಬಗ್ಗಿ ಹಾಳೆ ಬಿಟ್ಟುಕೊಂಡರೆ ಮುಗಿಯಿತು.

ಗಾಳಿ ಹೋಗದ ಸ್ಟೀಲ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಡಿಸ್ಕ್‌ಗಳನ್ನು ಕವರ್ ಸಮೇತ ಮಲಗಿಸಿ, ಮೇಲೆ ಒಂದು ಸಪಾಟಾದ ಭಾರ ಇಡಿ. ಒಂದು ವಾರ. ಆಮೇಲೆ ಪ್ಲೇಯರಿನಲ್ಲಿ ನೋಡಲಿಕ್ಕೆ ಹೋಗದೆ ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ನಿಧಾನದ ಸ್ಪೀಡ್ ಇಟ್ಟು ಕಾಪಿ ತೆಗೆಯಿರಿ. ಓದಿದ್ದು ಮೊದಲು ಕೈಗೆ ಬರಲಿ.

ಸುರತ್ಕಲ್ ಸಬ್‌ವೂಫರ್

ನನ್ನ ಹತ್ತಿರ ಯುಎಸ್‌ಬಿ ಡಿವಿಡಿ ಡ್ರೈವ್ ಉಂಟು ಅಕ್ಕ, ಶನಿವಾರ ಉಡುಪಿಗೆ ಬರುವವನಿದ್ದೇನೆ, ತಂದುಕೊಡುತ್ತೇನೆ. ರೀಜನ್ ವಿಷಯದಲ್ಲಿ ಮರ್ಯಾದೆ ಹೋದದ್ದಕ್ಕೆ ಪ್ರಾಯಶ್ಚಿತ್ತ. ಕಾಪಿ ಆದಮೇಲೆ ಪೆನ್‌ಡ್ರೈವ್‌ಗೆ ಹಾಕಿ ಅದೇ ಪ್ಲೇಯರಿನಲ್ಲಿ ನೋಡಬಹುದು. ಪೆನ್‌ಡ್ರೈವ್ ಫ್ಯಾಟ್32 ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ್ದು ಇರಲಿ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಆದರೆ ಡಿವಿಡಿಯ ವಿಡಿಯೋ ಒಂದೊಂದು ಜಿಬಿಯ ತುಂಡುಗಳಲ್ಲೇ ಇರುವುದರಿಂದ ತೊಂದರೆ ಇಲ್ಲ.

ಕಲ್ಯಾಣಪುರದಕ್ಕ

ವರದಿ ಒಪ್ಪಿಸುತ್ತೇನೆ. ಕನ್ನಡಿಯ ಮೇಲೆ ಇಟ್ಟಾಗ ಒಂದು ಬದಿಯ ಅಡಿಗೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ಹೋಯಿತು. ಹತ್ತು ದಿನ ಡಬ್ಬದಲ್ಲಿಟ್ಟೆ, ಮೇಲೆ ಗೋಧಿಹಿಟ್ಟಿನ ಪ್ಯಾಕೆಟ್. ಪೂರ್ತಿ ಸಪಾಟಾಗಲಿಲ್ಲ, ಕಡಿಮೆಯಾಯಿತು.

ಮೊದಲ ಡಿಸ್ಕ್ ಪೂರ್ತಿ ಬಂತು. ಎರಡನೆಯದು ಕೊನೆಗೆ ನಿಂತಿತು. ಧಾರೆ ಆಯಿತು, ಊಟದ ಪಂಕ್ತಿ ಬಂತು, ಹೋಳಿಗೆ ಬಡಿಸುವವರೆಗೆ ಬಂತು. ಹೆಣ್ಣು ಒಪ್ಪಿಸಿಕೊಡುವುದು ಬರಲೇ ಇಲ್ಲ. ನಾಲ್ಕು ಸಲ ಪ್ರಯತ್ನಿಸಿದೆ, ಅಲ್ಲಿಗೇ ನಿಲ್ಲುತ್ತದೆ. ಅದರಲ್ಲಿ ನನ್ನ ಅಪ್ಪ ಇದ್ದಾರೆ. ಈಗ ಇಲ್ಲ ಅವರು.

ಹಂಪನಕಟ್ಟೆ ಹಳಬ

ಡಿಸ್ಕ್ ಬರೆಯುವುದು ಒಳಗಿನಿಂದ ಹೊರಗೆ. ಕೊನೆಯ ಭಾಗ ಅಂಚಿನಲ್ಲಿರುತ್ತದೆ, ಬಗ್ಗುವುದೂ ಅಂಚೇ ಜಾಸ್ತಿ. ಹಾಗಾಗಿ ಅಲ್ಲಿ ನಿಂತದ್ದು.

ಡಿಸ್ಕ್ ಬಿಡಿ. 2010ರ ಮದುವೆ ಅಂದರೆ ಮಿನಿಡಿವಿ ಕ್ಯಾಸೆಟ್‌ನಲ್ಲಿ ತೆಗೆದಿರುವ ಸಾಧ್ಯತೆ ಉಂಟು. ಸ್ಟುಡಿಯೋದವರು ಈಗಲೂ ಇದ್ದಾರಾ? ಅಟ್ಟದಲ್ಲಿ ಹುಡುಕಲಿಕ್ಕೆ ಹೇಳಿ.

ಕಲ್ಯಾಣಪುರದಕ್ಕ

ಇದ್ದಾರೆ, ಈಗ ಮಗ ನೋಡಿಕೊಳ್ಳುವುದು. ಕ್ಯಾಸೆಟ್ ಮೂರುಂಟಂತೆ, ನಮ್ಮ ಮನೆ ಹೆಸರು ಬರೆದದ್ದೇ! ಆದರೆ ಓಡಿಸುವ ಕ್ಯಾಮೆರಾ ಮಾರಿ ಆಗಿದೆಯಂತೆ. ಯಾರ ಹತ್ತಿರವಾದರೂ ಮಿನಿಡಿವಿ ಕ್ಯಾಮೆರಾ ಉಂಟಾ?

ಹಂಪನಕಟ್ಟೆ ಹಳಬ

ಉಂಟು. ಫೈರ್‌ವೈರ್ ಕಿಂಡಿ (ಆ ಕ್ಯಾಮೆರಾದ ವಿಡಿಯೋ ಇಳಿಸಲಿಕ್ಕೆ) ಇರುವ ಹಳೇ ಕಂಪ್ಯೂಟರೂ ಉಂಟು. ಕ್ಯಾಸೆಟ್‌ಗೆ ಬೂಸು ಹಿಡಿದಿದ್ದರೆ ಯಾವುದರಲ್ಲೂ ಹಾಕಿ ನೋಡಬೇಡಿ, ಹಾಗೇ ತನ್ನಿ. ಸೋಮವಾರ ಊಟ ಆದಮೇಲೆ ಬನ್ನಿ, ಬಸ್ಸಿನಿಂದ ಹಂಪನಕಟ್ಟೆಯಲ್ಲಿ ಇಳಿದು ಮೆಸೇಜ್ ಹಾಕಿ.