ವಿಷಯ: ‘ಚೆನ್ನಾಗಿದ್ದರು’, ‘ಒತ್ತಾರೆ’: ಮಂಡ್ಯ ಕಡೆಯ ಬಳಕೆ

ಬಳಗದವರಿಗೆ ನಮಸ್ಕಾರ.

ನಾನು ಮಂಡ್ಯದಲ್ಲಿ ತುರ್ತು ಚಿಕಿತ್ಸಾ ವಿಭಾಗದ ನರ್ಸ್. ಸ್ಟ್ರೋಕ್ ಆದವರನ್ನು ಕರೆತಂದ ಮನೆಯವರಿಗೆ ಕೇಳುವ ಪ್ರಶ್ನೆಗಳನ್ನು ನಮ್ಮ ಕಡೆಯ ಮಾತಿನಲ್ಲಿ ಬರೆದಿಡುತ್ತಿದ್ದೇನೆ. ಒಂದು ಪ್ರಶ್ನೆಗೆ ಸರಿಯಾದ ಮಾತು ಸಿಗುತ್ತಿಲ್ಲ.

ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿಕೊಂಡು ಸ್ಟ್ರೋಕ್ ಆದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲವೆಂದು ನೋಡಿಕೊಂಡು, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಗಂಟೆ ಎಣಿಸುವುದು ಮನೆಯವರ ಕಣ್ಣಿಗೆ ತೊಂದರೆ ಬಿದ್ದಾಗಿನಿಂದ ಅಲ್ಲ. ರೋಗಿ ಸರಿಯಾಗಿದ್ದದ್ದನ್ನು ಯಾರಾದರೂ ಕೊನೆಗೆ ಕಂಡ ಹೊತ್ತಿನಿಂದ.

ಅದಕ್ಕೇ “ಕೊನೆಗೆ ಯಾವಾಗ ಚೆನ್ನಾಗಿದ್ದರು?” ಎಂದು ಕೇಳುತ್ತೇವೆ. ಐವತ್ತರ ಆಸುಪಾಸಿನವರಾದರೆ ಉತ್ತರ ಥಟ್ಟನೆ ಬರುತ್ತದೆ. ಎಂಬತ್ತೈದರ ಅಜ್ಜಿಯಾದರೆ, “ಎಲ್ ಚೆನ್ನಾಗವ್ರೆ ಸಿಸ್ಟರ್, ಮಂಡಿನೋವು, ಕೋಲು ಹಿಡ್ಕಂಡೇ ಓಡಾಡೋದು” ಅನ್ನುತ್ತಾರೆ. ‘ಉಸಾರಾಗಿದ್ರಾ’ ಅಂತ ಕೇಳಿದರೆ ಶುಗರ್, ಬಿಪಿ ಮಾತ್ರೆಗಳ ಚೀಟಿ ತೆಗೆಯುತ್ತಾರೆ. ನಮಗೆ ಬೇಕಾದದ್ದು ಆರೋಗ್ಯವಲ್ಲ, ಅವರ ಎಂದಿನ ಸ್ಥಿತಿ. ಕೋಲು ಹಿಡಿದಾದರೂ ಬಚ್ಚಲಿಗೆ ತಾವೇ ಹೋಗುತ್ತಿದ್ದರೇ, ತಟ್ಟೆಯಲ್ಲಿದ್ದ ಮುದ್ದೆ ತಾವೇ ಮುರಿದು ಉಣ್ಣುತ್ತಿದ್ದರೇ ಎಂಬುದು.

ಈ ಮಾತು ಸರಿಯಾಗಿ ಸಿಕ್ಕರೆ ತುಂಬಾ ವಯಸ್ಸಾದವರಿಗೇ ಹೆಚ್ಚು ಅನುಕೂಲ. ನಾಲ್ಕೂವರೆ ಗಂಟೆಯ ಗಡುವಿಗೆ ಆಧಾರವಾದ 2008ರ ಯುರೋಪಿನ ಅಧ್ಯಯನದಲ್ಲಿ ಎಂಬತ್ತು ದಾಟಿದವರನ್ನು ಸೇರಿಸಿಕೊಂಡಿರಲಿಲ್ಲ. 2012ರಲ್ಲಿ ಪ್ರಕಟವಾದ, ಇದೇ ಇಂಜೆಕ್ಷನ್ ಕುರಿತ ಐಎಸ್‌ಟಿ-3 ಎಂಬ ಅಧ್ಯಯನದ 3,035 ರೋಗಿಗಳಲ್ಲಿ 1,617 ಮಂದಿ ಎಂಬತ್ತು ದಾಟಿದವರು, ಬೇಗ ಕೊಟ್ಟರೆ ಅವರಿಗೂ ಪ್ರಯೋಜನವಿದೆ ಎಂದು ಅದರಿಂದ ಗೊತ್ತಾಯಿತು. ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಇದ್ದೇ ಇದೆ, ಅದನ್ನು ಮನೆಯವರಿಗೆ ಬಿಡಿಸಿ ಹೇಳಲೇಬೇಕು. ಆದರೆ ವಯಸ್ಸೊಂದನ್ನೇ ನೋಡಿ ಬೇಡವೆನ್ನುವ ಕಾಲ ಹೋಯಿತು. “ಇನ್ನೇನು, ವಯಸ್ಸಾಯ್ತಲ್ಲ” ಎಂದು ಮನೆಯಲ್ಲೇ ಎಣ್ಣೆ ತಿಕ್ಕುತ್ತಾ ಕೂತು ತಡಮಾಡಿದವರನ್ನು ಕಂಡಾಗ ಸಂಕಟವಾಗುತ್ತದೆ.

ಇನ್ನೊಂದು ಪದ ‘ಒತ್ತಾರೆ’, ಅಂದರೆ ಬೆಳಗ್ಗೆ. “ಒತ್ತಾರೆಯಿಂದ ಮಾತು ತೊದಲ್ತಾವ್ರೆ” ಎಂದು ಬಂದ ಸೊಸೆಯೊಬ್ಬರನ್ನು ಬಿಡಿಸಿ ಕೇಳಿದೆ. ಅವರು ಡೈರಿಗೆ ಹಾಲು ಹಾಕಿ ಬಂದಾಗ ಅತ್ತೆಯ ಬಾಯಿ ಸೊಟ್ಟಗಾಗಿತ್ತು, ಹೊರಡುವ ಮುಂಚೆ ಲೋಟ ಕೈಗೆ ಕೊಟ್ಟಾಗ ಕಾಫಿಗೆ ಸಕ್ಕರೆ ಸಾಲದು ಅಂದಿದ್ದರು. ನಮ್ಮ ಲೆಕ್ಕ ಆ ಕಾಫಿಯಿಂದ ಶುರು. ಒಬ್ಬರ ಬಾಯಲ್ಲಿ ಒತ್ತಾರೆ ಎಂದರೆ ಕೋಳಿ ಕೂಗುವ ಹೊತ್ತು, ಇನ್ನೊಬ್ಬರಿಗೆ ಒಂಬತ್ತು ಗಂಟೆಯೂ ಒತ್ತಾರೆಯೇ. ನಾಲ್ಕೂವರೆ ಗಂಟೆಯಲ್ಲಿ ಈ ಅಂತರ ಸಣ್ಣದಲ್ಲ.

ಸದ್ಯಕ್ಕೆ ನಾನು ಬರೆದುಕೊಂಡಿರುವುದು ಇದು: “ಯಾವಾಗ್ಲೂ ಇದ್ದಂಗೆ ಇದ್ದದ್ದ ಕಡೇಗೆ ಯಾರು ನೋಡಿದ್ರಿ? ಆಗ ಏನ್ ಮಾಡ್ತಿದ್ರು?” ಗಡಿಯಾರದ ಬದಲು ಕೆಲಸ ಕೇಳಿದರೆ ನೆನಪು ಬೇಗ ಬರುತ್ತದೆ. ‘ಇದ್ದಂಗೆ’ ಎಂಬುದು ಮಳವಳ್ಳಿ, ನಾಗಮಂಗಲ, ಟಿ. ನರಸೀಪುರದ ಕಡೆ ಇದೇ ಅರ್ಥದಲ್ಲಿ ನಡೆಯುತ್ತದೆಯೇ? ಇದಕ್ಕಿಂತ ಚಿಕ್ಕ ಮಾತು ನಿಮ್ಮ ಮನೆಗಳಲ್ಲಿ ಇದೆಯೇ? ಒತ್ತಾರೆ ನಿಮ್ಮೂರಲ್ಲಿ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಊರಿನ ಹೆಸರು ಸೇರಿಸಿ ಬರೆದರೆ ಉಪಕಾರ.